ಬೈಲಿ ಕಡೆ ಆಡುವವರು ಯಾರಪ್ಪ?

ದಸರೆ ರಜೆಗೆ ಗೆಳೆಯರನ್ನೆಲ್ಲ ಕೂಡಿಸಿ ಪೊಲ್ಲಿಲೂರಿನ ಕದನವನ್ನು ಟೇಬಲ್ ಮೇಲೆ ಆಡುತ್ತೇವೆ ಅಂದೆಯಲ್ಲ, ಕೇಳಿ ಖುಷಿಯಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರೆಲ್ಲ ಆ ಕದನವನ್ನು ಗೋಡೆಯ ಮೇಲೆ ನೋಡಿರುತ್ತಾರೆ. ಮದ್ದಿನ ಗಾಡಿ ಸಿಡಿಯುತ್ತಿದೆ, ಇಂಗ್ಲಿಷರ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಗೊಂಬೆಗಳಿಗೆ ಬಣ್ಣ, ಗುಡ್ಡ, ತೋಪು, ಇವೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಕೇಳುವುದು ಒಂದೇ: ಬೈಲಿ ಕಡೆ ಆಡುವವರು ಯಾರು?

1780ರ ಸೆಪ್ಟೆಂಬರ್ 10ರಂದು ಅವನ ಪಾಡೇನಾಯಿತು ಅಂತ ನಿನ್ನ ಗೆಳೆಯರಿಗೂ ಗೊತ್ತು. ಗುಂಟೂರಿನ ಕಡೆಯಿಂದ ಬಂದವನು ಕಂಚಿಯಲ್ಲಿದ್ದ ಹೆಕ್ಟರ್ ಮನ್ರೋನ ದಂಡನ್ನು ಸೇರಿಕೊಳ್ಳಬೇಕಿತ್ತು. ಮನ್ರೋ ಕೆಲವೇ ಮೈಲಿ ದೂರದಲ್ಲಿದ್ದರೂ ಹೊತ್ತಿಗೆ ಬರಲಿಲ್ಲ. ಟಿಪ್ಪುವಿನ ದಂಡಿನ ಜೊತೆಗೆ ಹೈದರಾಲಿಯ ದೊಡ್ಡ ಸೈನ್ಯವೂ ಸೇರಿ ಬೈಲಿಯನ್ನು ಸುತ್ತುಗಟ್ಟಿತು. ಮದ್ದಿನ ಗಾಡಿಗಳು ಸಿಡಿದವು, ಬೈಲಿ ಸೆರೆಯಾದ, 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಇದನ್ನು ನಡೆದ ಹಾಗೇ ತಂದು ಟೇಬಲ್ ಮೇಲಿಟ್ಟರೆ ಆ ಕಡೆಯ ಹುಡುಗ ಮಧ್ಯಾಹ್ನವೆಲ್ಲ ತನ್ನ ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕುತ್ತಾ ಕೂರಬೇಕು. ಮುಂದಿನ ಸಲ ನೀನು ಫೋನ್ ಮಾಡಿದಾಗ ಅವನಿಗೆ ಏನಾದರೂ ಕೆಲಸ ಬಂದೇ ಬರುತ್ತದೆ.

ಬಲಾಬಲ ಹಾಗೇ ಇರಲಿ, ಗೆಲುವಿನ ಲೆಕ್ಕ ಬದಲಿಸು. ಹೈದರನ ಕಡೆ ಜನ ಹೆಚ್ಚೇ ಇರಲಿ, ಕುದುರೆ ದಂಡು ಇರಲಿ, ರಾಕೆಟ್ ಇರಲಿ. ಬೈಲಿ ಅವರನ್ನು ಸೋಲಿಸಲೇಬೇಕು ಅಂತಿಲ್ಲ. ಹತ್ತನೇ ಸುತ್ತಿನವರೆಗೆ ಸಿಪಾಯಿಗಳ ಚೌಕ ಒಡೆಯದೆ ನಿಂತರೆ, ಇಲ್ಲವೇ ಮೂರರಲ್ಲೊಂದು ಪಾಲು ಜನರನ್ನು ಕಂಚಿಯ ಕಡೆಯ ಅಂಚಿನಿಂದ ಪಾರು ಮಾಡಿದರೆ ಆಟ ಅವನದು ಅಂತ ಮೊದಲೇ ಬರೆದಿಡು. ಮನ್ರೋ ಬರುವುದನ್ನು ದಾಳಕ್ಕೆ ಬಿಡು. ಐದನೇ ಸುತ್ತಿನಿಂದ ಸುತ್ತಿಗೊಂದು ದಾಳ, ಆರು ಬಿದ್ದರೆ ಬಂದ. ಹೀಗಾದರೆ ಮೂರು ಆಟದಲ್ಲಿ ಹೆಚ್ಚುಕಮ್ಮಿ ಎರಡರಲ್ಲಿ ಬಂದೇ ಬಿಡುತ್ತಾನೆ. ಅತಿಯಾಯಿತು ಅನ್ನಿಸಿದರೆ ಏಳನೇ ಸುತ್ತಿನಿಂದ ಹಾಕು, ಅರ್ಧಕ್ಕರ್ಧ ಆಗುತ್ತದೆ. ಅವನು ಬಂದು ಮುಟ್ಟುವುದಕ್ಕಿಂತ ಬಂದಾನೇನೋ ಅನ್ನುವ ಅಳುಕೇ ಹೆಚ್ಚು ಕೆಲಸ ಮಾಡುತ್ತದೆ. ಟಿಪ್ಪು ಕಡೆಯವನು ಒಂದಿಷ್ಟು ಕುದುರೆ ದಂಡನ್ನು ಆ ದಾರಿಗೆ ಕಾವಲಿಟ್ಟೇ ಇಡುತ್ತಾನೆ, ಬೈಲಿಗೆ ಅಷ್ಟು ಉಸಿರು ಸಿಕ್ಕಿತು.

ಮದ್ದಿನ ಗಾಡಿಯದೂ ಇದೇ ಮಾತು. ಚಿತ್ರದಲ್ಲಿ ಸಿಡಿದಿದೆ ಅಂತ ನಾಲ್ಕನೇ ಸುತ್ತಿಗೆ ನೀನೇ ಸಿಡಿಸಬೇಡ. ಗಾಡಿಯಿರುವ ದಳಕ್ಕೆ ರಾಕೆಟ್ ತಾಗಿದಾಗಲೆಲ್ಲ ಎರಡು ದಾಳ ಹಾಕಿಸು, ಎರಡೂ ಆರು ಬಿದ್ದರೆ ಸಿಡಿಯಲಿ. ಬಿದ್ದ ದಿನ ಬೈಲಿ ಕಡೆಯವನೂ ಸೇರಿ ಎಲ್ಲರೂ ಕುರ್ಚಿ ಬಿಟ್ಟು ಎದ್ದು ಕೂಗುತ್ತಾರೆ, ನೋಡುತ್ತಿರು.

‘ಟಿಪ್ಪು ಕಡೆ ನಾನೇ’ ಅಂತ ಕಿತ್ತಾಟ ಆಗುತ್ತದೆ, ಆಗದೇ ಇರುವುದಿಲ್ಲ. ಕಡೆ ಬದಲಿಸಿ ಎರಡು ಸಲ ಆಡಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ವಾದವನ್ನು ಮಾತ್ರ ದಯವಿಟ್ಟು ಕಾಫಿ ಹೊತ್ತಿಗೆ ಇಟ್ಟುಕೊಳ್ಳಿ. ಅದು ಯಾವ ಸುತ್ತಿಗೂ ಮುಗಿಯುವಂಥದ್ದಲ್ಲ.

ಸ್ನೇಹ ಕೆಡುವುದು ಸಣ್ಣ ವಿಷಯಕ್ಕೆ. ದಾಳ ಪುಸ್ತಕಕ್ಕೆ ಒರಗಿ ಓರೆಯಾಗಿ ನಿಂತರೆ ಲೆಕ್ಕವೋ ಅಲ್ಲವೋ? ಟೇಪು ಹಿಡಿಯುವುದು ಅಡಿಹಲಗೆಯ ಮುಂದಿನ ಅಂಚಿನಿಂದಲೋ, ಗೊಂಬೆಯ ಕಾಲಿನಿಂದಲೋ? ಅರ್ಧ ಅಂಗುಲಕ್ಕೆ ಇಬ್ಬರು ವಾರಗಟ್ಟಲೆ ಮಾತು ಬಿಡುತ್ತಾರೆ. ಇವನ್ನೆಲ್ಲ ಮೊದಲ ಗೊಂಬೆ ಇಡುವ ಮುಂಚೆಯೇ ತೀರ್ಮಾನಿಸಿ. ನಡುವೆ ಹೊಸ ತಕರಾರು ಬಂದರೆ ಒಂದು ನಿಮಿಷ ನಿಯಮದ ಪುಸ್ತಕ ತಿರುವಿ, ಸಿಗದಿದ್ದರೆ ಸರಿ-ಬೆಸ ಹಾಕಿ ಮುಂದೆ ಹೋಗಿ. ಯೋಚಿಸುತ್ತಾ ಕೂರುವವನಿಗೆ ಗಡಿಯಾರ ಇಡಿ. 1913ರಲ್ಲಿ ‘ಲಿಟ್ಲ್ ವಾರ್ಸ್’ ಬರೆದ ಎಚ್.ಜಿ. ವೆಲ್ಸ್ ಕೂಡ ಒಂದೊಂದು ನಡೆಗೂ ಹೊತ್ತು ಗೊತ್ತು ಮಾಡಿದ್ದ.

ಇನ್ನೂ ಒಳ್ಳೆಯದೆಂದರೆ ಒಬ್ಬ ಅಂಪೈರ್. ಪ್ರಷ್ಯಾದ ರೈಸ್ವಿಟ್ಸ್ 1824ರಲ್ಲಿ ಸೇನಾಧಿಕಾರಿಗಳಿಗೆ ಯುದ್ಧದಾಟ ಕಟ್ಟಿಕೊಟ್ಟಾಗಲೂ ನಡುವೆ ಒಬ್ಬ ಅಂಪೈರ್ ಇದ್ದ. ನಿಮ್ಮಲ್ಲಿ ಮನ್ರೋನ ದಾಳವನ್ನು ಅವನೇ ಗುಟ್ಟಾಗಿ ಹಾಕಲಿ. ಬಂದನೋ ಇಲ್ಲವೋ ಅನ್ನುವುದು ಟೇಬಲ್ಲಿನ ಅಂಚಿನಲ್ಲಿ ಕೆಂಪು ಕೋಟು ಕಾಣುವ ತನಕ ಯಾರಿಗೂ ತಿಳಿಯಬಾರದು.

ಮೈಸೂರು ದಂಡಿನ ಗೊಂಬೆ ಸಾಲದಿದ್ದರೆ ರಟ್ಟಿನ ತುಂಡಿನ ಮೇಲೆ ಹೆಸರು ಬರೆದು ಇಡಿ, ಬಣ್ಣ ಹಚ್ಚದೆ ತಂದವನನ್ನು ಆಡಿಕೊಳ್ಳಬೇಡಿ. ಎತ್ತುವಾಗ ಅಡಿಹಲಗೆ ಹಿಡಿದು ಎತ್ತಿ, ಬಯೊನೆಟ್ ಹಿಡಿದರೆ ಬಾಗಿಬಿಡುತ್ತದೆ. ಕೋಡುಬಳೆ ತಟ್ಟೆ ಬೇರೆ ಟೇಬಲ್ ಮೇಲಿರಲಿ. ಅಂಪೈರ್ ಆಗಲು ಯಾರೂ ಒಪ್ಪದಿದ್ದರೆ ಹೇಳಿಕಳಿಸು, ರಜೆಯಲ್ಲಿ ನಾನು ಮನೆಯಲ್ಲೇ ಇರುತ್ತೇನೆ.