ಹಾರ್ಡ್ ಡಿಸ್ಕಿನಲ್ಲಿ 'ಕಳೆದುಹೋದ' ಜಾಗದ ಲೆಕ್ಕ



ಸಂಘದ ಲೆಕ್ಕಪತ್ರಗಳ ನಕಲು ಇಡಲು ಕೊಂಡ ಹಾರ್ಡ್ ಡಿಸ್ಕಿನ ಬಿಲ್ಲಿನಲ್ಲಿ ಒಂದು ಟೆರಾಬೈಟ್, ಅಂದರೆ ೧,೦೦೦ ಗಿಗಾಬೈಟ್ ಎಂದಿದೆ. ವಿಂಡೋಸ್ ಇರುವ ನಮ್ಮ ಕಂಪ್ಯೂಟರ್ ತೋರಿಸುವುದು ೯೩೧. ದೇವಸಮುದ್ರದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, "ಉಳಿದ ೬೯ ಎಲ್ಲಿ ಹೋಯಿತು, ಕಾರ್ಯದರ್ಶಿಗಳೆ?" ಎಂದು ಕೇಳಿದರು. ತೂಕದ ಮೋಸಕ್ಕೆ ನೊಂದವರು ನಾವು, ಪ್ರಶ್ನೆ ನ್ಯಾಯವಾದದ್ದೇ. ಅಂದು ನಾವು ತಡವರಿಸಿದೆವು. ಆದ್ದರಿಂದ ಈ ಪಾಠ.

ವಿಷಯ ಹಳೆಯದು. ೧೯೮೩ರಲ್ಲಿ ಬಂದ ಐ.ಬಿ.ಎಂ. ಪಿ.ಸಿ. ಎಕ್ಸ್‌.ಟಿ.ಯಲ್ಲಿ ಬಳಕೆಯಾದ ಸೀಗೇಟ್ ಎಸ್.ಟಿ. ೪೧೨ ಡಿಸ್ಕನ್ನು ನೋಡೋಣ. ಅದರ ನಾಲ್ಕು ಮೈಗಳಲ್ಲಿ ಮೈಗೆ ೩೦೬ರಂತೆ ಒಟ್ಟು ೧,೨೨೪ ಜಾಡುಗಳು. ಜಾಡೊಂದರ ಕಚ್ಚಾ ಅಳತೆ ೧೦,೪೧೬ ಬೈಟ್. ಒಟ್ಟು ೧,೨೭,೪೯,೧೮೪. ಫಾರ್ಮ್ಯಾಟ್ ಮಾಡಿದಾಗ ಪ್ರತಿ ಜಾಡು ೫೧೨ ಬೈಟಿನ ೧೭ ಸೆಕ್ಟರುಗಳಾಗುತ್ತಿತ್ತು. ಬರೆಯಲು ಸಿಗುತ್ತಿದ್ದದ್ದು ೧,೦೬,೫೩,೬೯೬ ಬೈಟ್. ಹೆಚ್ಚುಕಡಿಮೆ ಆರರಲ್ಲೊಂದು ಪಾಲು ಹೋಯಿತು.

ಹೋದದ್ದು ಎಲ್ಲಿಗೆ? ಕೊಳವೆಬಾವಿ ನಂಬಿ ಅಡಿಕೆ ಹಾಕಿದ ನಮಗೆ ಇದು ಹೊಸತಲ್ಲ. ಪಹಣಿಯಲ್ಲಿ ಎಕರೆ ಇದ್ದರೂ ಬದು, ಬಸಿಗಾಲುವೆ, ಓಡಾಡುವ ದಾರಿಗಳಲ್ಲಿ ಗಿಡ ನಿಲ್ಲದು. ಹಾಗೆಂದು ಅವನ್ನು ಬಿಟ್ಟರೆ ತೋಟವೂ ಉಳಿಯದು. ಡಿಸ್ಕಿನಲ್ಲಿಯೂ ಪ್ರತಿ ಸೆಕ್ಟರಿಗೆ ಅದರ ವಿಳಾಸ ಬರೆಯಬೇಕು. ಓದಿದ್ದು ಸರಿಯೇ ಎಂದು ತಾಳೆ ನೋಡುವ ಅಂಕಿ ಇರಬೇಕು. ತಿರುಗುವ ವೇಗ ತುಸು ಹೆಚ್ಚುಕಡಿಮೆಯಾದರೂ ಒಂದರ ಬರಹ ಮತ್ತೊಂದರ ಮೇಲೆ ಬೀಳದಂತೆ ನಡುವೆ ತೆರಪು ಬೇಕು. ಆ ಜಾಗ ಕಾವಲಿಗೆ ಹೋಯಿತೇ ಹೊರತು ಕಳವಾಗಲಿಲ್ಲ.

ಇನ್ನೊಂದು ಸೋರಿಕೆಯೂ ಇತ್ತು. ಆ ಯಂತ್ರದ ಡಾಸ್ ಕಡತಗಳಿಗೆ ೪,೦೯೬ ಬೈಟಿನ ಗುಂಪುಗಳಲ್ಲೇ ಜಾಗ ಕೊಡುತ್ತಿತ್ತು. ೩೦೦ ಅಕ್ಷರದ ಚೀಟಿಗೂ ಅಷ್ಟೂ ಜಾಗ. ಅರ್ಧ ತುಂಬಿದ ಚೀಲವೂ ಗೋದಾಮಿನಲ್ಲಿ ಒಂದು ಚೀಲದ ಜಾಗ ಹಿಡಿಯುವ ಹಾಗೆ.

ಈಗ ನಮ್ಮ ೬೯ರ ಮಾತು. ಇಂದಿನ ತಯಾರಕರು ಬಿಲ್ಲಿನಲ್ಲಿ ಹೇಳುವುದು ಕಾವಲಿನ ಜಾಗ ಕಳೆದ ಮೇಲಿನ ಅಳತೆ. ವ್ಯತ್ಯಾಸ ಇರುವುದು ಎಣಿಕೆಯಲ್ಲಿ. ಅವರ ಗಿಗಾಬೈಟ್ ನೂರು ಕೋಟಿ ಬೈಟ್. ವಿಂಡೋಸ್ ಎಣಿಸುವುದು ೧,೦೭,೩೭,೪೧,೮೨೪ಕ್ಕೆ ಒಂದರಂತೆ. ಒಂದು ಲಕ್ಷ ಕೋಟಿ ಬೈಟನ್ನು ಇದರಿಂದ ಭಾಗಿಸಿದರೆ ೯೩೧ ಬರುತ್ತದೆ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಹಿಂದೆ ಇದ್ದ ಹಾಗೆಯೇ ಇದೂ. ಕಾಳು ಅಷ್ಟೇ, ಅಳೆಯುವ ಪಾತ್ರೆ ಬೇರೆ.

ಹೀಗಾಗಿ ಸಂಘಕ್ಕೆ ಒಂದು ಬೈಟೂ ನಷ್ಟವಾಗಿಲ್ಲ. ಸದಸ್ಯರು ಎರಡು ಮಾತು ನೆನಪಿಡಬೇಕು. ಡಿಸ್ಕು ಕೊಳ್ಳುವಾಗ ಪೂರ್ತಿ ಬೈಟಿನ ಸಂಖ್ಯೆ ನೋಡಿ ಹೋಲಿಸಿರಿ. ಹಳೆಯ ಡಿಸ್ಕು ಸಿಕ್ಕಿಸಿದಾಗ "ಫಾರ್ಮ್ಯಾಟ್ ಮಾಡಲೇ?" ಎಂದು ಯಂತ್ರ ಕೇಳಿದರೆ ಹೂಂ ಎನ್ನಬೇಡಿರಿ, ಒಳಗಿನ ಲೆಕ್ಕ ಕೈತಪ್ಪೀತು. ಸಂಘದ ಖಾತೆಗಳ ನಕಲು ಎರಡು ಬೇರೆ ಊರುಗಳಲ್ಲಿ ಇರಲಿ ಎಂಬುದು ನಮ್ಮ ಸಲಹೆ. ಮುಂದಿನ ಸಭೆಯಲ್ಲಿ ಇದನ್ನು ಠರಾವಿಗೆ ಇಡುತ್ತೇವೆ; ತಪ್ಪದೆ ಬನ್ನಿರಿ.