ಅಂದಾಜು ಪಟ್ಟಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಬಳಕೆಯಲ್ಲಿದೆ. ಈ ಎರಡು ಕಾರ್ಯಗಳೂ ಮನುಷ್ಯನ ಎಣಿಕೆಯನ್ನು ಮೀರಿ ವೆಚ್ಚವನ್ನು ಬೇಡುತ್ತವೆ ಎಂಬುದೇ ಅದರ ತಾತ್ಪರ್ಯ. ಮದುವೆಯ ವೆಚ್ಚವನ್ನು ಮುಂಚಿತವಾಗಿ ಅಳೆಯುವ ಶಾಸ್ತ್ರ ಇನ್ನೂ ಹುಟ್ಟಿಲ್ಲ. ಆದರೆ ಕಟ್ಟಡದ ವೆಚ್ಚವನ್ನು ಅಳೆಯುವ ಶಾಸ್ತ್ರವೊಂದು ಬಹುಕಾಲದಿಂದ ಬೆಳೆದುಬಂದಿದೆ. ಅದರ ಫಲವೇ ಅಂದಾಜು ಪಟ್ಟಿ. ಮೊದಲ ಗುದ್ದಲಿ ನೆಲಕ್ಕೆ ಬೀಳುವ ಮುನ್ನವೇ ಇಡೀ ಕಟ್ಟಡವನ್ನು ಕಾಗದದ ಮೇಲೆ ಒಮ್ಮೆ ಕಟ್ಟಿ ನೋಡುವ ವಿದ್ಯೆ ಇದು.

ಅಂದಾಜು ಎಂದರೆ ಊಹೆಯಲ್ಲ. ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಪ್ರತಿಯೊಂದರ ಪರಿಮಾಣವನ್ನು ನಕ್ಷೆಯಿಂದ ಲೆಕ್ಕ ಹಾಕಿ, ಆ ಪರಿಮಾಣವನ್ನು ದರದಿಂದ ಗುಣಿಸಿದಾಗ ದೊರೆಯುವ ಮೊತ್ತವೇ ಅಂದಾಜು. ಕಂಪ್ಲಿಯಲ್ಲಿ ಒಂದು ಶಾಲಾ ಕೊಠಡಿಯನ್ನು ಕಟ್ಟಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಅದರ ಒಂದು ಗೋಡೆಯ ಉದ್ದ 10 ಮೀಟರು, ಎತ್ತರ 3 ಮೀಟರು, ದಪ್ಪ 20 ಸೆಂಟಿಮೀಟರು. ಇವನ್ನು ಗುಣಿಸಿದರೆ 6 ಘನ ಮೀಟರು ಬರುತ್ತದೆ. ಪ್ರಮಾಣೀಕೃತ ಅಳತೆಯ ಇಟ್ಟಿಗೆ, ಸುತ್ತಲಿನ ಗಾರೆಯೊಡನೆ, 20 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲ, 10 ಸೆಂಟಿಮೀಟರು ಎತ್ತರದ ಜಾಗವನ್ನು ತುಂಬುತ್ತದೆ. ಆದುದರಿಂದ ಒಂದು ಘನ ಮೀಟರು ಗೋಡೆಗೆ 500 ಇಟ್ಟಿಗೆಗಳು ಬೇಕು. 6 ಘನ ಮೀಟರಿಗೆ 3000. ಆದರೆ ಗೋಡೆಯಲ್ಲಿ ಒಂದು ಮೀಟರು ಅಗಲದ, ಎರಡು ಮೀಟರು ಎತ್ತರದ ಬಾಗಿಲುಂಟು. ಆ ಖಾಲಿ ಜಾಗವನ್ನು ಕಳೆದರೆ ಉಳಿಯುವುದು 5.6 ಘನ ಮೀಟರು, ಅಂದರೆ 2800 ಇಟ್ಟಿಗೆ. ಸಾಗಣೆಯಲ್ಲಿ ಒಡೆಯುವವುಗಳಿಗಾಗಿ ನೂರಕ್ಕೆ ಐದರಂತೆ 140 ಸೇರಿಸಿದರೆ 2940. ಬಾಗಿಲನ್ನು ಮರೆತವನು ಹೆಚ್ಚು ಕೊಳ್ಳುತ್ತಾನೆ. ಒಡೆಯುವ ಇಟ್ಟಿಗೆಯನ್ನು ಮರೆತವನು ಗೋಡೆ ಮುಗಿಯುವ ಮೊದಲೇ ಕೈಚೆಲ್ಲಿ ನಿಲ್ಲುತ್ತಾನೆ.

ಕಾಂಕ್ರೀಟಿನ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದುದು. 6 ಮೀಟರು ಉದ್ದ, 5 ಮೀಟರು ಅಗಲ, 12 ಸೆಂಟಿಮೀಟರು ದಪ್ಪದ ಛಾವಣಿಗೆ 3.6 ಘನ ಮೀಟರು ಕಾಂಕ್ರೀಟು ಬೇಕು. ಹಾಗೆಂದು ಅಷ್ಟೇ ಸಾಮಗ್ರಿಯನ್ನು ತರಿಸಿದರೆ ಛಾವಣಿ ತುಂಬುವುದಿಲ್ಲ. ಜಲ್ಲಿಯ ನಡುವಿನ ಸಂದಿಗಳಲ್ಲಿ ಮರಳೂ ಮರಳಿನ ಸಂದಿಗಳಲ್ಲಿ ಸಿಮೆಂಟೂ ಸೇರಿಕೊಳ್ಳುವುದರಿಂದ, ಒಂದು ಘನ ಮೀಟರು ಕಾಂಕ್ರೀಟಿಗೆ ಒಣ ಸಾಮಗ್ರಿ ಸುಮಾರು ಒಂದೂವರೆ ಘನ ಮೀಟರಿನಷ್ಟು ಬೇಕಾಗುತ್ತದೆ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣದಲ್ಲಿ ಘನ ಮೀಟರಿಗೆ 50 ಕಿಲೋಗ್ರಾಮಿನ ಸುಮಾರು 8 ಮೂಟೆ ಸಿಮೆಂಟು ಹಿಡಿಯುತ್ತದೆ. ಈ ಛಾವಣಿಗೆ 29 ಮೂಟೆ ಆಯಿತು. ಬಲ್ಲವನ ಅಂದಾಜಿಗೂ ಬಲ್ಲದವನ ಊಹೆಗೂ ಇರುವ ಅಂತರ ಇಂತಹ ಕಡೆಗಳಲ್ಲಿಯೇ ಗೋಚರಿಸುವುದು.

ಪರಿಮಾಣ ತಿಳಿದ ಮೇಲೆ ದರ. ಲೋಕೋಪಯೋಗಿ ಇಲಾಖೆ ಇದಕ್ಕಾಗಿ ದರಪಟ್ಟಿಗಳನ್ನು ಪ್ರಕಟಿಸುತ್ತದೆ. ಆದರೂ ದರವೆಂಬುದು ಎಲ್ಲೆಡೆಯೂ ಒಂದೇ ಆಗಿರಲಾರದು. ಜಲ್ಲಿಯ ಬೆಲೆ ಕಲ್ಲುಗಣಿಯ ಬಳಿ ಒಂದಾದರೆ, ಅದನ್ನು ಹೇರಿಕೊಂಡು ಬಂದ ಲಾರಿ ಕಟ್ಟಡದ ಮುಂದೆ ನಿಂತಾಗ ಮತ್ತೊಂದು. ನೆಲದ ಸ್ವಭಾವವೂ ವೆಚ್ಚವನ್ನು ಬದಲಿಸುತ್ತದೆ. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ತಳಪಾಯವನ್ನು ಗಟ್ಟಿ ನೆಲ ಸಿಗುವವರೆಗೂ ಇಳಿಸಬೇಕು. ಪರೀಕ್ಷಾ ಗುಂಡಿಯನ್ನು ತೋಡದೆ ಬರೆದ ಅಂದಾಜು ಮಣ್ಣಿನೊಳಗೇ ಹೂತುಹೋಗುವುದುಂಟು.

ಹಣದಷ್ಟೇ ಕಾಲಕ್ಕೂ ಲೆಕ್ಕವಿದೆ. ಐದು ಮೀಟರು ಅಗಲದ ಛಾವಣಿಗೆ ಕಾಂಕ್ರೀಟು ಹಾಕಿದ ಮೇಲೆ ಅದರ ಕೆಳಗಿನ ಆಧಾರದ ಕಂಬಗಳನ್ನು ಕನಿಷ್ಠ 14 ದಿನ ತೆಗೆಯಬಾರದು. ಅಷ್ಟು ದಿನ ಒಳಗಿನ ಗಾರೆ ಕೆಲಸ ನಡೆಯುವಂತಿಲ್ಲ. ಆದರೆ ಅದೇ ಅವಧಿಯಲ್ಲಿ ಹೊರಗೋಡೆಗೆ ಗಾರೆ ಬಳಿಯಬಹುದು. ಬಡಗಿ ಬಾಗಿಲುಗಳನ್ನು ಸಿದ್ಧಪಡಿಸಬಹುದು. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ರೊಟ್ಟಿಯ ಹಿಟ್ಟನ್ನು ನಾದಿಕೊಳ್ಳುವ ಗೃಹಿಣಿಗೆ ಈ ಜಾಣ್ಮೆ ಸಹಜವಾಗಿಯೇ ಬಂದಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ತಜ್ಞರು ಇದನ್ನೇ ಒಂದು ಗಣಿತ ವಿಧಾನವನ್ನಾಗಿ ರೂಪಿಸಿ, ಯಾವ ಕೆಲಸಗಳ ಸರಣಿ ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುವುದೋ ಅದಕ್ಕೆ ನಿರ್ಣಾಯಕ ಪಥವೆಂದು ಹೆಸರಿಟ್ಟರು. ಕಾಲುವೆಯ ದುರಸ್ತಿಗೆ ಈ ಪಥ ಇನ್ನಷ್ಟು ಇಕ್ಕಟ್ಟಾದುದು. ಕಂಪ್ಲಿಯ ಸೀಮೆಗೆ ನೀರುಣಿಸುವ ವಿಜಯನಗರ ಕಾಲದ ಕಾಲುವೆಗಳನ್ನು ನೆಚ್ಚಿ ಕಬ್ಬೂ ಬಾಳೆಯೂ ನಿಂತಿರುವಾಗ ನೀರನ್ನು ಬಹಳ ದಿನ ನಿಲ್ಲಿಸಲಾಗದು. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಕಲ್ಲು, ಗಾರೆ, ಆಳು, ಯಂತ್ರಗಳೆಲ್ಲ ಸ್ಥಳದಲ್ಲಿ ಸಿದ್ಧವಾಗಿರಬೇಕು.

ಈ ಸೀಮೆಗೆ ದೊಡ್ಡ ಕಾಮಗಾರಿಗಳ ಅನುಭವ ಹೊಸದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಸಂದರ್ಶಿಸಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಂದಿನ ಹೊಸಪೇಟೆಯ ಬಳಿ ಕಟ್ಟಲಾಗುತ್ತಿದ್ದ ಕೆರೆಯೊಂದನ್ನು ಕಂಡು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದರಂತೆ. ಅರಸನು ಕೆಲಸವನ್ನು ತನ್ನ ನಾಯಕರಿಗೆ ಪಾಲು ಹಂಚಿ, ಅವರವರ ಪಾಲಿನ ಜನರಿಂದ ಕೆಲಸ ಮಾಡಿಸುವ ಹೊಣೆಯನ್ನು ಅವರಿಗೇ ವಹಿಸಿದ್ದನು. ಕೆಲಸವನ್ನು ಭಾಗ ಮಾಡುವುದು, ಪ್ರತಿ ಭಾಗಕ್ಕೂ ಒಬ್ಬ ಹೊಣೆಗಾರನನ್ನು ನೇಮಿಸುವುದು ಇಂದಿನ ಕಾಮಗಾರಿ ನಿರ್ವಹಣೆಗೂ ಮೂಲಸೂತ್ರವೇ ಆಗಿದೆ. ಇಷ್ಟಾದರೂ ಆ ಕೆರೆಯ ಏರಿ ಎರಡು ಮೂರು ಬಾರಿ ಒಡೆಯಿತೆಂದು ಅದೇ ಪ್ರವಾಸಿ ಬರೆದಿದ್ದಾನೆ. ಜನಬಲ ಎಷ್ಟೇ ಇದ್ದರೂ ನೀರಿನ ಒತ್ತಡದ ಲೆಕ್ಕ ತಪ್ಪಬಾರದು.

ನಾಲ್ಕು ಶತಮಾನಗಳ ಅನಂತರ ಅದೇ ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟು ನಿರ್ಮಾಣವಾಯಿತು. ಬರಗಾಲಕ್ಕೆ ಹೆಸರಾದ ಈ ಸೀಮೆಗೆ ತುಂಗಭದ್ರೆಯ ನೀರನ್ನು ಕಟ್ಟಿ ಹರಿಸಬೇಕೆಂಬ ಆಲೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲಿಯೇ ಮುಂದಿಟ್ಟಿದ್ದರು. ಮದರಾಸು ಮತ್ತು ಹೈದರಾಬಾದು ಸರ್ಕಾರಗಳ ನಡುವೆ ಒಪ್ಪಂದವಾದುದು 1944ರಲ್ಲಿ. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಮದರಾಸಿನ ಕಡೆಯ ಕಾಮಗಾರಿಗೆ ತಿರುಮಲೆ ಅಯ್ಯಂಗಾರ್ ಎಂಬ ಇಂಜಿನಿಯರು ಮುಖ್ಯಸ್ಥರಾಗಿದ್ದರು. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಈ ಕಟ್ಟೆಯನ್ನು ಕಲ್ಲಿನಿಂದ, ಸುರ್ಕಿ ಬೆರೆಸಿದ ಗಾರೆಯಿಂದ ಕಟ್ಟಲಾಯಿತು. ಸುಟ್ಟ ಇಟ್ಟಿಗೆಯ ಪುಡಿಯೇ ಸುರ್ಕಿ. ಸುತ್ತಮುತ್ತ ದೊರೆಯುವ ಸಾಮಗ್ರಿಯಿಂದ ಬಾಳಿಕೆಯುಳ್ಳ ಕೆಲಸವನ್ನು ಮಾಡುವುದೂ ಮಿತವ್ಯಯದ ಒಂದು ಮಾರ್ಗ.

ಆದರೆ ಅಂದಾಜು ಪಟ್ಟಿಯಲ್ಲಿ ಹಿಡಿಯದ ವೆಚ್ಚಗಳೂ ಇವೆ. ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು; ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ನಾರಾಯಣದೇವರಕೆರೆಯ ಜನ ತಮ್ಮ ಊರನ್ನು ತೊರೆದು ಮರಿಯಮ್ಮನಹಳ್ಳಿಯಲ್ಲಿ ಬದುಕನ್ನು ಹೊಸದಾಗಿ ಕಟ್ಟಿಕೊಂಡರು. ಹೊಲಕ್ಕೆ, ಮನೆಗೆ ಬೆಲೆ ಕಟ್ಟಬಹುದು. ತಲೆಮಾರುಗಳಿಂದ ನೀರು ಸೇದಿದ ಬಾವಿಗೆ, ಹರಕೆ ಹೊತ್ತ ಗುಡಿಗೆ ಯಾವ ದರಪಟ್ಟಿಯಲ್ಲಿ ದರವನ್ನು ಹುಡುಕುವುದು? ಕೆಳಗಿನ ಸೀಮೆಯ ಹಸಿರು ಹೊಲಗಳ ಹಿಂದೆ ಈ ಜನರ ತ್ಯಾಗವಿದೆ ಎಂಬುದನ್ನು ಮರೆಯಲಾಗದು.

ಎರಡನೆಯ ವೆಚ್ಚ ಕಾಲ ಸರಿದಂತೆ ತಲೆದೋರಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಆರಂಭದಲ್ಲಿ ಜಲಾಶಯ ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ನದಿ ಹೊತ್ತು ತಂದ ಹೂಳು ತಳದಲ್ಲಿ ನಿಂತು ಆ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಐದನೆಯ ಒಂದು ಭಾಗದಷ್ಟು ಜಾಗವನ್ನು ಮಣ್ಣು ಆಕ್ರಮಿಸಿದೆ.

ಮೂರನೆಯದು ಪಾಲನೆಯ ವೆಚ್ಚ. ಅಣೆಕಟ್ಟಿಗೆ 33 ಉಕ್ಕಿನ ಬಾಗಿಲುಗಳಿವೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, ಹತ್ತೊಂಬತ್ತನೆಯ ಬಾಗಿಲಿನ ಸರಪಣಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಬೆಳೆಗೆಂದು ಕೂಡಿಟ್ಟ ನೀರು ರೈತರ ಕಣ್ಣೆದುರಿನಲ್ಲಿಯೇ ಹರಿದುಹೋಯಿತು. ಬಾಗಿಲುಗಳ ಕಾರ್ಯದಲ್ಲಿ ಪರಿಣತರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು, ಹರಿಯುವ ನೀರಿಗೆದುರಾಗಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಎಷ್ಟೋ ನೀರು ಹೀಗೆ ಉಳಿಯಿತು. ಆದರೂ ಮರುವರ್ಷ ಮುನ್ನೆಚ್ಚರಿಕೆಗಾಗಿ ಜಲಾಶಯದಲ್ಲಿ ಸುಮಾರು 80 ಟಿ.ಎಂ.ಸಿ. ನೀರನ್ನು ಮಾತ್ರ ನಿಲ್ಲಿಸಬೇಕಾಯಿತು. ಒಂದು ಸರಪಣಿಯ ಬೆಲೆಯನ್ನು ಜಲಾಶಯದ ಬೆಲೆಯೊಡನೆ ಹೋಲಿಸಿದರೆ ಅದು ಅತ್ಯಲ್ಪ. ಆ ಅಲ್ಪವು ಕೈಕೊಟ್ಟಾಗ ತೆರಬೇಕಾದ ಬೆಲೆಯನ್ನು ಹೊಲಗಳೇ ತೆತ್ತವು.

ಕಂಪ್ಲಿಯ ಜನ ಇಂತಹುದೇ ಮತ್ತೊಂದು ಪಾಠವನ್ನು ತಮ್ಮ ಸೇತುವೆಯಲ್ಲಿ ಕಂಡಿದ್ದಾರೆ. 2019ರಲ್ಲಿಯೂ 2022ರಲ್ಲಿಯೂ ಜಲಾಶಯದಿಂದ ಭಾರಿ ನೀರು ಬಂದಾಗ, ಗಂಗಾವತಿಗೆ ಹೋಗುವ ದಾರಿಯಲ್ಲಿರುವ ಆ ಸೇತುವೆ ಮುಳುಗಿ ಸಂಚಾರ ನಿಂತಿತು. ರೋಗಿಯೂ ವಿದ್ಯಾರ್ಥಿಯೂ ವ್ಯಾಪಾರಿಯೂ ಆಗ ಸುತ್ತುದಾರಿಯನ್ನು ಹಿಡಿಯಲೇಬೇಕು. ಸೇತುವೆಯ ಎತ್ತರವನ್ನು ನಿರ್ಧರಿಸುವಾಗ ಕಂಬಗಳ ವೆಚ್ಚವನ್ನಷ್ಟೇ ಅಲ್ಲದೆ, ಮುಂದಿನ ಪ್ರವಾಹದ ದಿನಗಳಲ್ಲಿ ಜನ ಸುತ್ತಬೇಕಾದ ದಾರಿಯ ವೆಚ್ಚವನ್ನೂ ಸೇರಿಸಿ ನೋಡಬೇಕು ಎಂಬುದು ಇದರಿಂದ ವೇದ್ಯವಾಗುತ್ತದೆ.

ಅಂದಾಜು ಪಟ್ಟಿಯನ್ನು ಬರೆಯುವವನಿಗೆ ಗಣಿತ ಗೊತ್ತಿದ್ದರೆ ಸಾಲದು. ಪ್ರಾಮಾಣಿಕತೆಯೂ ದೂರದೃಷ್ಟಿಯೂ ಇರಬೇಕು. ಮಂಜೂರಾತಿ ಬೇಗ ದೊರೆಯಲೆಂದು ಮೊತ್ತವನ್ನು ತಗ್ಗಿಸಿ ಬರೆದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಲಾಭಕ್ಕಾಗಿ ಹಿಗ್ಗಿಸಿ ಬರೆದರೆ ಸಾರ್ವಜನಿಕರ ಹಣ ಸೋರಿಹೋಗುತ್ತದೆ. ಆಗಿರುವ ಕೆಲಸವನ್ನು ಸ್ಥಳದಲ್ಲಿಯೇ ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಹಣ ಪಾವತಿಯಾಗಬೇಕೆಂಬ ನಿಯಮವಿರುವುದು ಈ ಕಾರಣಕ್ಕಾಗಿಯೇ. ಕಟ್ಟುವವರ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ಕಟ್ಟಿದ್ದನ್ನು ವರ್ಷವರ್ಷವೂ ನೋಡಿಕೊಳ್ಳುವವರ ಹೆಸರನ್ನು ಯಾರೂ ಕೆತ್ತುವುದಿಲ್ಲ. ಆದರೆ ಪಟ್ಟಿಯಲ್ಲಿ ಅವರ ಕೆಲಸಕ್ಕೂ ಒಂದು ಸಾಲನ್ನು ಮೀಸಲಿಡುವುದು ಕಟ್ಟುವವರ ಕರ್ತವ್ಯವಾಗಿದೆ.