ಎಣ್ಣೆ ಟ್ಯಾಂಕಿಯಲ್ಲಿ ಗಾಳಿಗೂ ಜಾಗ ಬೇಕು

1997ರಲ್ಲಿ ತೊಗರಿಗೆ ಬಿದ್ದ ಕಾಯಿಕೊರಕ ಹುಳವನ್ನು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಮರೆತಿಲ್ಲ. ಆಗ ನಮ್ಮಲ್ಲಿದ್ದದ್ದು ಗಾಳಿ ಟ್ಯಾಂಕಿ. ಮೊದಲೇ ಗಾಳಿ ತುಂಬಿ, ಆಮೇಲೆ ಹೆಗಲಿಗೆ ಹಾಕಿಕೊಂಡು ಎಣ್ಣೆ ಹೊಡೆಯುವಂಥದ್ದು. ನೀರು ದೂರದಿಂದ ಹೊರಬೇಕು. ಪದೇಪದೇ ತುಂಬುವ ತ್ರಾಸು ಯಾಕೆ ಅಂತ ನಾನು ಬಾಯಿತನಕ ತುಂಬಿದೆ. ಇಪ್ಪತ್ತು ಸಲ ಒತ್ತುವುದರೊಳಗೆ ಪಂಪು ಕಲ್ಲಿನಂಗ ಗಟ್ಟಿಯಾಯಿತು. 'ಬಾಳ ಗಾಳಿ ಹಿಡೀತು' ಅಂತ ಖುಷಿಪಟ್ಟೆ. ಸ್ವಲ್ಪ ದೂರ ಹೋಗುವುದರೊಳಗೆ ಮಂಜಿನಂತೆ ಬರುತ್ತಿದ್ದ ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ನಾಜಲ್ ಕಟ್ಟಿದೆ ಅಂತ ಬಿಚ್ಚಿ ತೊಳೆದೆ, ವಾಶರ್ ಬದಲಿಸಿದೆ. ಅರ್ಧ ದಿನ ಹೋಯಿತು. ಹುಳ ಮಾತ್ರ ಕಾಯಿಯೊಳಗೇ ಉಳಿಯಿತು.

ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಮಗಳ ವಿಜ್ಞಾನ ಪುಸ್ತಕದಿಂದ. ರಾಬರ್ಟ್ ಬಾಯ್ಲ್ ಎಂಬಾತ 1662ರಲ್ಲೇ ಬರೆದಿಟ್ಟದ್ದು: ಉಷ್ಣ ಬದಲಾಗದಿದ್ದರೆ, ಮುಚ್ಚಿಟ್ಟ ಗಾಳಿಯ ಜಾಗ ಅರ್ಧ ಮಾಡಿದರೆ ಒತ್ತಡ ಎರಡು ಪಟ್ಟು, ಜಾಗ ಎರಡು ಪಟ್ಟಾದರೆ ಒತ್ತಡ ಅರ್ಧ. ಸೂಜಿ ಇಲ್ಲದ ಹೊಸ ಸಿರಿಂಜಿನ ಬಾಯಿಗೆ ಬೆರಳಿಟ್ಟು ದಂಡ ಒತ್ತಿ ನೋಡಿರಿ. ಒಳಗೆ ಹೋದಷ್ಟೂ ತಿರುಗಿ ನೂಕುತ್ತದೆ. ಅದೇ ಸಿರಿಂಜಿಗೆ ನೀರು ತುಂಬಿ ಒತ್ತಿದರೆ ಕದಲುವುದೇ ಇಲ್ಲ. ಟ್ಯಾಂಕಿಯಲ್ಲಿ ಎಣ್ಣೆಯನ್ನು ಹೊರಗೆ ನೂಕುವ ಸ್ಪ್ರಿಂಗು ನೀರಲ್ಲ, ಗಾಳಿ.

ಈಗ ಲೆಕ್ಕ ನೋಡೋಣ. ಟ್ಯಾಂಕಿ 12 ಲೀಟರಿನದು ಅನ್ನಿ. 11 ಲೀಟರ್ ಎಣ್ಣೆನೀರು ಹಾಕಿದರೆ ಗಾಳಿಗೆ ಉಳಿದದ್ದು 1 ಲೀಟರ್ ಜಾಗ. ಗೇಜು 3 ಕಿಲೊ ತೋರಿಸುವತನಕ ಪಂಪು ಹೊಡೆದಿರಿ. ಗೇಜು ಸೊನ್ನೆ ಇದ್ದಾಗಲೂ ಹೊರಗಿನ ಗಾಳಿಯ ಸುಮಾರು 1 ಕಿಲೊ ಒತ್ತಡ ಒಳಗೆ ಇದ್ದೇ ಇರುತ್ತದೆ. ಅದನ್ನು ಕೂಡಿಸಲೇಬೇಕು (ನಾನು ಮೊದಲು ತಪ್ಪಿದ್ದು ಇಲ್ಲೇ). ಹಾಗಾಗಿ ಒಟ್ಟು 4. ಒಂದೇ ಲೀಟರ್ ಹೊಡೆಯುವುದರೊಳಗೆ ಗಾಳಿಯ ಜಾಗ 2 ಲೀಟರ್ ಆಯಿತು, ಒತ್ತಡ 2ಕ್ಕೆ ಇಳಿಯಿತು. ಗೇಜಿನಲ್ಲಿ ಬರೇ 1. ಎಣ್ಣೆ ತೊಟ್ಟಿಕ್ಕದೆ ಏನು ಮಾಡೀತು?

ಅದೇ ಟ್ಯಾಂಕಿಗೆ 8 ಲೀಟರ್ ಹಾಕಿ 4 ಲೀಟರ್ ಜಾಗ ಬಿಡಿರಿ. 3 ಕಿಲೊ ಏರಿಸಲು ಪಂಪು ನಾಲ್ಕು ಪಟ್ಟು ಹೊಡೆಯಬೇಕಾಗುತ್ತದೆ, ತೋಳು ನೋಯುತ್ತದೆ, ಖರೆ. ಆದರೆ ಗೇಜು 1ಕ್ಕೆ ಇಳಿಯುವುದು 4 ಲೀಟರ್ ಹೊಡೆದ ಮೇಲೆ. ನಾನು ಅಷ್ಟುದ್ದ ಕಾಯುವುದಿಲ್ಲ. 2 ಕಿಲೊಗೆ ಬಂದಾಗ ಬದುವಿನ ಮೇಲೆ ನಿಂತು ಮತ್ತೆ ಪಂಪು ಹೊಡೆಯುತ್ತೇನೆ. ಒತ್ತಡ ಇಳಿದರೆ ಹನಿ ದಪ್ಪವಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ದುಡ್ಡು ಕೊಟ್ಟು ತಂದ ಎಣ್ಣೆ ಎರೆಮಣ್ಣಿಗೆ, ಹುಳಕ್ಕೆ ಏನೂ ಇಲ್ಲ.

'ನಮ್ಮದು ಕೈಹಿಡಿಕೆಯ ಬೆನ್ನಟ್ಟಿ ಪಂಪು, ನಮಗ್ಯಾಕ ಈ ಲೆಕ್ಕ' ಅನ್ನುವವರಿಗೂ ಒಂದು ಮಾತು. ಅದರೊಳಗೆ ಚಿಕ್ಕದೊಂದು ಗಾಳಿ ಕೋಣೆ ಇರುತ್ತದೆ. ಹಿಡಿಕೆ ಒತ್ತಿದಾಗ ನೀರು ನುಗ್ಗಿ ಅಲ್ಲಿಯ ಗಾಳಿ ಕುಗ್ಗುತ್ತದೆ. ಹಿಡಿಕೆ ಬಿಟ್ಟಾಗ ಅದು ಹಿಗ್ಗಿ ಎಣ್ಣೆಯನ್ನು ನೂಕುತ್ತದೆ. ಕೋಣೆಯಲ್ಲಿ ಗಾಳಿ ಹೋಗಿ ನೀರೇ ತುಂಬಿಕೊಂಡರೆ, ಒತ್ತಿದಾಗಷ್ಟೇ ಚಿಮ್ಮಿ ನಡುವೆ ನಿಂತುಬಿಡುತ್ತದೆ. ಪಂಪು ಖಾಲಿ ಮಾಡಿ, ಆ ಕೋಣೆಯ ನೀರು ಬಸಿದು ಮತ್ತೆ ಜೋಡಿಸಿದರೆ ಬಹಳ ಸಲ ಸರಿಹೋಗುತ್ತದೆ.

ಗಾಳಿ ಟ್ಯಾಂಕಿಯನ್ನು ಬಿಸಿಲಿಗೆ ಇಡಬೇಡಿ. ಕಾದರೆ ಜಾಗ ಅಷ್ಟೇ ಇದ್ದರೂ ಒತ್ತಡ ಏರುತ್ತದೆ. ತುಕ್ಕು ತಿಂದ ಟ್ಯಾಂಕಿಗೆ ಬೆಸುಗೆ ಹಾಕಿಸಿ ಗಾಳಿ ತುಂಬುವುದಂತೂ ಬೇಡವೇ ಬೇಡ. ಎಣ್ಣೆ ಮುಗಿಯಿತು ಅಂತ ಮುಚ್ಚಳ ತಿರುವುವ ಮೊದಲು ಒಳಗಿನ ಗಾಳಿ ಬಿಡಿರಿ. 8 ಲೀಟರ್ ಪೂರಾ ಹೊಡೆದ ಮೇಲೂ, ನಡುವೆ ಪಂಪು ಹೊಡೆದಿದ್ದರೆ, ಒಳಗೆ ಸಾಕಷ್ಟು ಒತ್ತಡ ಉಳಿದಿರುತ್ತದೆ. ಗೇಜು ಸೊನ್ನೆಗೆ ಬಂದ ಮೇಲೆ, ಮುಖ ಆಚೆ ಇಟ್ಟುಕೊಂಡೇ ಮುಚ್ಚಳ ತೆಗೆಯಿರಿ.